ಕಣ್ಣೀರಿನ ಕೆರೆಯೂ ಕಸಾಯಿಯ ಅಂಗಡಿಯೂ

ಜುಲೈ ೮

ಮಸೀದಿಯ ಹಿಂದಿನ ಕೋಣೆಯಲ್ಲಿ ನಮಗೆ ಅಕ್ಷರ ಕಲಿಸುವ ಮೇಷ್ಟ್ರಮ್ಮ ರಜೆಗೆ ಹೋಗುವಾಗ "ತೂದಜ್ಜಿ, ದಿನಾ ನಾಕು ಸಾಲು ಬರೀರಿ, ಇಲ್ದಿದ್ರೆ ಕೈ ಮರ್ತುಬಿಡುತ್ತೆ" ಎಂದು ಈ ಪುಸ್ತಕ ಕೊಟ್ಟಿದ್ದಳು. ಹುಡುಗಿಯಾಗಿದ್ದಾಗ ಎರಡು ಚಳಿಗಾಲ ಶಾಲೆಯ ಮುಖ ಕಂಡವಳು ನಾನು. ಮೂರನೆಯದಕ್ಕೆ ಕುರಿ ಹಿಂದೆ ಕಳಿಸಿದರು. ಈಗ ಬರೆಯುವುದೇನಿದೆ, ಹಿಟ್ಟು ಬೀಸಿದೆ, ಬೆಣ್ಣೆ ಕಡೆದೆ ಅಂತಲೇ ಎಂದು ಪುಸ್ತಕವನ್ನು ಉಣ್ಣೆ ಬುಟ್ಟಿಯಲ್ಲಿ ಹಾಕಿಟ್ಟಿದ್ದೆ. ಇವತ್ತು ಬರೆಯುವುದಿದೆ.

ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗ ಮಿಮೂನ್ ನನ್ನ ಬೆನ್ನಿಗೆ ಚೂರಿ ಹಾಕಿದ. ಮೊಮ್ಮಗಳು ರಬ್ಹಾಳನ್ನು ರಿಚ್ ಊರಿನ ಒಬ್ಬ ಕಸಾಯಿಗೆ ಕೊಡುತ್ತೇನೆಂದು ಮಾತು ಕೊಟ್ಟು ಬಂದಿದ್ದಾನೆ. ಕುರಿ ಮಾರಿ ಬಂದವನ ಹಾಗೆ ಚಹಾ ಸುರಿದುಕೊಳ್ಳುತ್ತ ಹೇಳಿದ.

"ಹುಡುಗ ಒಳ್ಳೇವ್ನು ಅವ್ವ. ಹಮ್ಮಾದಿ ಅಂತ. ಸ್ವಂತ ಅಂಗಡಿ. ದೊಡ್ಡ ಫ್ರಿಜ್ ಇದೆ."

"ನನ್ ಮೊಮ್ಮಗಳು ಫ್ರಿಜ್ ಜೊತೆ ಸಂಸಾರ ಮಾಡ್ತಾಳಾ?"

ಸೊಸೆ ಫದ್ಮಾಗೆ ನಗು ತಡೆಯಲಾಗಲಿಲ್ಲ. ಮಿಮೂನ್ ತಿರುಗಿ ನೋಡಿದ್ದೇ ರೊಟ್ಟಿ ತರುವ ನೆಪದಲ್ಲಿ ಒಳಗೆ ಹೋದಳು.

"ಸೆಪ್ಟೆಂಬರಲ್ಲಿ ಮದುವೆ ಉರುಸು ಇಟ್ಕೊಂಡು ಈಗ್ಲೇ ಮಾತು ಕೊಡೋಕೆ ನೀನ್ಯಾರೋ?"

"ಅವಳಪ್ಪ."

"ಇಸ್ಲಿಗೂ ಒಬ್ಬ ಅಪ್ಪ ಇದ್ದ. ಏನಾಯ್ತು ನೋಡಿದ್ಯಲ್ಲ."

ರಬ್ಹಾ ಬಾಗಿಲಲ್ಲಿ ಕದಿರು ಹಿಡಿದು ನಿಂತಿದ್ದಳು. "ಅಜ್ಜಿ, ಒಂದು ಮಾತು..." ಎಂದು ಬಾಯಿ ತೆರೆದಳು. ಪಾಪ, ಹೆದರಿದ್ದಳು. "ಸುಮ್ನಿರು ಮಗಳೆ, ನಿನ್ ಪರವಾಗಿ ನಾನಿದ್ದೀನಿ" ಎಂದು ಒಳಗೆ ಕಳಿಸಿದೆ.

ಜುಲೈ ೧೧

ನನ್ನ ಮಗನಿಗೆ ಕಥೆ ಮರೆತುಹೋಗಿದೆ. ಕೈಗೆ ಅಕ್ಷರ ಬಂದಿರುವಾಗ ಬರೆದೇ ಇಡುತ್ತೇನೆ.

ಇಸ್ಲಿ ಬ್ರಾಹೀಮರ ಕುಲದ ಹುಡುಗ, ತಿಸ್ಲಿತ್ ನಮ್ಮ ಯಾಝಾ ಕುಲದವಳು. ಒಂದೇ ಹುಲ್ಲುಗಾವಲಿಗೆ ಎರಡೂ ಕುಲ ಹೊಡೆದಾಡುತ್ತಿದ್ದ ಕಾಲ. ಇವರಿಬ್ಬರೂ ಅದೇ ಹುಲ್ಲಿನ ಮೇಲೆ ಕುರಿ ಬಿಟ್ಟುಕೊಂಡು ಮನಸ್ಸು ಕೊಟ್ಟುಕೊಂಡರು. ಅಪ್ಪಂದಿರು ಒಪ್ಪಲಿಲ್ಲ. "ಅವರ ಮನೆಯ ನೀರೂ ಬೇಡ" ಅಂದರಂತೆ. ಹುಡುಗ ಆ ಗುಡ್ಡದ ಮೇಲೆ ಕೂತು ಅತ್ತ, ಹುಡುಗಿ ಈ ಗುಡ್ಡದ ಮೇಲೆ ಕೂತು ಅತ್ತಳು. ಅತ್ತ ನೀರೇ ಎರಡು ಕೆರೆಯಾಯಿತು, ಅವರವರ ಕೆರೆಯಲ್ಲಿ ಅವರವರು ಮುಳುಗಿದರು. ಆಮೇಲೆ ಅಪ್ಪಂದಿರಿಗೆ ಬುದ್ಧಿ ಬಂತು. ಅಪ್ಪಂದಿರಿಗೆ ಬುದ್ಧಿ ಬರುವುದು ಯಾವಾಗಲೂ ಆಮೇಲೆ. ಸಂತರ ಗೋರಿಯ ಮುಂದೆ ಆಣೆ ಇಟ್ಟರು: ಇನ್ನು ವರ್ಷಕ್ಕೊಮ್ಮೆ ಉರುಸಿನಲ್ಲಿ ನಮ್ಮ ಮಕ್ಕಳು ತಾವೇ ಆರಿಸಿಕೊಳ್ಳಲಿ, ನಾವು ನಡುವೆ ಬರುವುದಿಲ್ಲ.

ಇಸ್ಲಿ ಕೆರೆ ದೊಡ್ಡದು, ತಿಸ್ಲಿತ್ ಕೆರೆ ಚಿಕ್ಕದು. ಹುಡುಗಿ ಕಮ್ಮಿ ಅತ್ತಳು ಎಂದು ಗಂಡಸರು ಆಡಿಕೊಳ್ಳುತ್ತಾರೆ. ಅವಳಿಗೆ ಅಳುತ್ತ ಕೂರಲು ಪುರುಸೊತ್ತೆಲ್ಲಿತ್ತು? ಹಾಲು ಕರೆಯುವುದಿತ್ತು.

ಇದನ್ನೆಲ್ಲ ಮಿಮೂನ್‌ಗೆ ಊಟದ ಹೊತ್ತಿನಲ್ಲಿ ಮತ್ತೆ ಹೇಳಿದೆ. "ಗೊತ್ತವ್ವ, ಗೊತ್ತು" ಎಂದ. ಗೊತ್ತಿರುವವನ ಮುಖ ಅದಲ್ಲ.

ಜುಲೈ ೧೯

ಗೆದ್ದೆ.

ಕಣದ ಹತ್ತಿರ ಊರ ಹಿರಿಯರು ನೀರಿನ ಸರದಿ ಮಾತಾಡಲು ಸೇರಿದ್ದರು. ಹೆಂಗಸರು ಅಲ್ಲಿಗೆ ಹೋಗುವುದಿಲ್ಲ. ಹೋದೆ. ಎಲ್ಲರ ನಡುವೆ ನಿಂತು ಕೇಳಿದೆ, ನಿಮ್ಮ ಮುತ್ತಾತಂದಿರು ಗೋರಿಯ ಮುಂದೆ ಇಟ್ಟ ಆಣೆ ಇನ್ನೂ ಇದೆಯೋ, ಸಂತೆಗೆ ಹಾಕಿದ್ದೀರೋ?

ಮುದುಕರು ನೆಲ ನೋಡಿದರು. ಒಬ್ಬ ಹೇಳಿದ: "ಮಿಮೂನ್, ನಿಮ್ಮವ್ವ ಹೇಳೋದ್ರಲ್ಲಿ ನ್ಯಾಯ ಇದೆ. ಕಸಾಯಿಗೆ ಹೇಳಿ ಕಳಿಸು. ಹುಡುಗಿ ಉರುಸಿಗೆ ಬರ್ಲಿ."

ಮಿಮೂನ್ ಕೆಂಪಾಗಿ ಕಪ್ಪಾದ. ಕೊಟ್ಟ ಮಾತನ್ನು ಹತ್ತು ಜನರ ಮುಂದೆ ವಾಪಸು ನುಂಗುವುದು ಗಂಡಸಿಗೆ ಕಷ್ಟವೇ. ಎದ್ದು ನಿಂತು ಗೋರಿಯ ಕಡೆ ಕೈ ಮಾಡಿ ಆಣೆ ಹಾಕಿದ: "ಸರಿ, ಮಾತು ಬಿಟ್ಟೆ. ಆದ್ರೆ ಉರುಸಲ್ಲಿ ಅವಳು ಯಾರ ಕೈ ಹಿಡಿದ್ರೂ ಮದುವೆ ಬರೆಸೋ ಡೇರೆಗೆ ನಾನು ಕಾಲಿಡಲ್ಲ. ನೀನೇ ನಡೆಸು, ನೀನೇ ನಿಲ್ಲು ಅವ್ವ."

"ನಿಲ್ತೀನಿ. ನನ್ ಕಾಲಿನ್ನೂ ಗಟ್ಟಿ ಇದೆ" ಅಂದೆ.

ಮನೆಗೆ ಬಂದು ರಬ್ಹಾಳಿಗೆ ಹೇಳಿದೆ. ಹುಡುಗಿಗೆ ಎಷ್ಟು ಸಂತೋಷವಾಯಿತೋ. ಗೋಡೆಯ ಕಡೆ ತಿರುಗಿಕೊಂಡು ಅತ್ತಳು.

ಆಗಸ್ಟ್ ೨

ಬ್ರಾಹೀಮರ ಕೇರಿಗೆ ಹೋಗಿ ಇಜ್ಜಾಳನ್ನು ನೋಡಿ ಬಂದೆ. ಲಂಗ ಕಟ್ಟುವ ವಯಸ್ಸಿನಿಂದ ಅವಳೂ ನಾನೂ ಗೆಳತಿಯರು. ಅವಳ ಮೊಮ್ಮಗ ಲಹ್ಸೆನ್ ಇದ್ದಾನಲ್ಲ, ತಲೆ ಎತ್ತಿ ಮಾತಾಡದ ಹುಡುಗ, ಕುರಿಗಳಿಗೂ ಅವನ ಮೇಲೆ ಪ್ರೀತಿ. ಅವರ ಕುಲದ ಹುಡುಗ, ನಮ್ಮ ಕುಲದ ಹುಡುಗಿ. ಥೇಟ್ ಕಥೆಯ ಹಾಗೆಯೇ. ಈ ಸಲ ಯಾರೂ ಮುಳುಗುವುದಿಲ್ಲ, ಅಷ್ಟೇ.

"ಅವ್ನು ಅವಳನ್ನ ಗುರ್ತು ಹಿಡಿಯೋದು ಹೇಗೇ? ಮುಖಾನೆಲ್ಲ ಮುಚ್ಕೊಂಡಿರ್ತಾರೆ. ಹೋದ್ಸಲ ನಮ್ ಪಕ್ಕದ್ಮನೆ ಹುಡುಗ ತನ್ನ ಸ್ವಂತ ತಂಗಿ ಕೈ ಹಿಡ್ಕೊಂಡು ಕಲಿಜ ಗಿಲಿಜ ಅಂತ ಶುರು ಮಾಡ್ಬಿಟ್ಟಿದ್ದ" ಎಂದು ಇಜ್ಜಾ ನಕ್ಕು ನಕ್ಕು ಕೆಮ್ಮಿದಳು. ಉರುಸಿನಲ್ಲಿ ಒಪ್ಪಿಗೆಯ ಮಾತೇ ಅದು: ನನ್ನ ಕಲಿಜ, ಅಂದರೆ ಈಲಿ, ನಿನ್ನದಾಯಿತು ಅಂತ.

ನಾನು ಅದಕ್ಕೆ ಉಪಾಯ ಮಾಡಿಕೊಂಡೇ ಹೋಗಿದ್ದೆ. ನಮ್ಮ ಕುಲದ ಕಂಬಳಿಯಲ್ಲಿ ನೀಲಿ ಪಟ್ಟೆ ಬೆರಳಗಲ ಇರುತ್ತದೆ. ರಬ್ಹಾಳಿಗೆ ಹೊಸದು ನೇಯುತ್ತೇನೆ, ಬೆನ್ನ ನಡುವೆ ಒಂದು ನೀಲಿ ಪಟ್ಟೆ ಅಂಗೈ ಅಗಲ ಬರಲಿ. ಲಹ್ಸೆನ್ ಅದನ್ನು ನೋಡಿಕೊಂಡು ಬಂದರಾಯಿತು.

"ಹುಡುಗಿಗೆ ಹೇಳಿದ್ಯಾ?" ಎಂದಳು ಇಜ್ಜಾ.

"ಹೇಳಿದ್ರೆ ಆರಿಸಿದ ಹಾಗೆ ಹೇಗಾಗುತ್ತೆ?"

ಇದು ಮಿಮೂನ್ ಮಾಡಿದಂಥದ್ದಲ್ಲ. ಅವನು ಗೊತ್ತುಮಾಡಿದ. ನಾನು ದಾರಿ ತೋರಿಸುತ್ತಿದ್ದೇನೆ. ಎರಡಕ್ಕೂ ವ್ಯತ್ಯಾಸ ಇದೆ.

ಆಗಸ್ಟ್ ೨೧

ರಬಾತ್‌ನಿಂದ ಒಬ್ಬಳು ಓದಿದ ಹುಡುಗಿ ಬಂದಿದ್ದಳು. ಉರುಸು ಹೇಗೆ ಹುಟ್ಟಿತು ಎಂದು ಪುಸ್ತಕ ಬರೆಯುತ್ತಾಳಂತೆ. ನನ್ನ ಬಾಯಿಗೆ ಒಂದು ಯಂತ್ರ ಹಿಡಿದು ಕಥೆ ಹೇಳಿಸಿಕೊಂಡಳು. ಆಮೇಲೆ ಚಹಾ ಕುಡಿಯುತ್ತ ಹೇಳುತ್ತಾಳೆ, ಆ ಕೆರೆಗಳು ಆಕಾಶದಿಂದ ಕಲ್ಲು ಬಿದ್ದು ಆದವು ಅಂತ ಕೆಲವರ ವಾದವಂತೆ. ಈ ಕಥೆಯೂ ಅಷ್ಟು ಹಳೆಯದಲ್ಲ, ಹೊರಗಿನವರು ಬರಲಿ ಅಂತ ಈಚೆಗೆ ಯಾರೋ ಕಟ್ಟಿರಬಹುದು ಅಂತ ಅವಳ ಪ್ರೊಫೆಸರರ ಅನುಮಾನವಂತೆ.

"ನಿನ್ ಪ್ರೊಫೆಸರಿಗೆ ಅಜ್ಜಿ ಇರ್ಲಿಲ್ವಾ?" ಎಂದೆ.

ಹುಡುಗಿ ನಕ್ಕಳು, ಬೇಜಾರು ಮಾಡಿಕೊಳ್ಳಲಿಲ್ಲ. "ಇನ್ನೊಂದು ಪ್ರಶ್ನೆ ಅಜ್ಜಿ. ಇಸ್ಲಿ ಏನಂದ, ಅಪ್ಪಂದಿರು ಏನಂದ್ರು, ಎಲ್ಲ ಹೇಳಿದ್ರಿ. ತಿಸ್ಲಿತ್ ಏನಂದ್ಳು?"

"ಅತ್ತಳು."

"ಅದಲ್ಲ. ಮಾತು. ಏನಾದ್ರೂ ಮಾತಾಡಿದ್ಳಾ?"

ನಾನು ನೆನಪು ಮಾಡಿಕೊಳ್ಳುತ್ತಿದ್ದೆ. ಮಗ್ಗದ ಹಿಂದಿನಿಂದ ರಬ್ಹಾ ಅಂದಳು, "ನಮ್ಮಜ್ಜಿ ಕಥೇಲಿ ಹುಡುಗಿಗೆ ಮಾತಿಲ್ಲ ಅಕ್ಕ. ಮಾತಾಡೋಕೆ ಎಲ್ಲಿ ಬಿಡ್ತಾರೆ?" ಇಬ್ಬರೂ ನಕ್ಕರು. ದೊಡ್ಡ ಜೋಕು ಅನ್ನುವ ಹಾಗೆ. ಓದಿದವರ ಜೊತೆ ಸೇರಿದರೆ ಮನೆಯವರಿಗೂ ನಾಲಿಗೆ ಬರುತ್ತದೆ.

ಸೆಪ್ಟೆಂಬರ್ ೫

ಕಂಬಳಿ ಮುಗಿಯಿತು. ರಬ್ಹಾ ನೀಲಿ ಪಟ್ಟೆಯ ಮೇಲೆ ಅಂಗೈ ಇಟ್ಟು ನೋಡಿದಳು. "ಇಷ್ಟು ಅಗಲದ್ದು ಬೇರೆ ಯಾರ ಮೈಮೇಲೂ ಇರಲ್ಲ ಅಲ್ವಾ ಅಜ್ಜಿ?" ಎಂದಳು. "ಇಲ್ವೇ ಇಲ್ಲ" ಎಂದೆ. ಬಂದು ಕೆನ್ನೆಗೆ ಮುತ್ತು ಕೊಟ್ಟಳು, ಬಹಳ ದಿನಕ್ಕೆ. ಆಮೇಲೆ ಆಡಿನ ಮರಿ ತಪ್ಪಿಸಿಕೊಂಡಿದೆ ಎಂದು ಫೋನು ಹಿಡಿದುಕೊಂಡು ಬಂಡೆ ಹತ್ತಿ ಹೋದಳು. ಆ ಬಂಡೆಯ ಮೇಲೆ ಮಾತ್ರ ಫೋನು ಸಿಗುವುದು. ಮರಿ ನೋಡಿದರೆ ಹಿತ್ತಲಲ್ಲೇ ಇತ್ತು.

ಮಿಮೂನ್ ಇನ್ನೂ ನನ್ನ ಜೊತೆ ನೆಟ್ಟಗೆ ಮಾತಾಡುತ್ತಿಲ್ಲ. ಉಪ್ಪು ಬೇಕಾದರೆ ಫದ್ಮಾಳನ್ನು ಕೇಳುತ್ತಾನೆ.

ಸೆಪ್ಟೆಂಬರ್ ೨೧, ಉರುಸಿನ ಬಯಲು

ಇವತ್ತು ಬರೆಯುವುದಿಲ್ಲ.

ಸೆಪ್ಟೆಂಬರ್ ೨೨

ಬರೆಯುತ್ತೇನೆ. ಯಾರಿಗಾದರೂ ಹೇಳಿದರೆ ನಗುತ್ತಾರೆ. ಪುಸ್ತಕಕ್ಕೆ ನಗು ಬರುವುದಿಲ್ಲ.

ನಿನ್ನೆ ಬಿಸಿಲೇರುವ ಹೊತ್ತಿಗೆ ಹುಡುಗಿಯರೆಲ್ಲ ಕಣ್ಣಿಗೆ ಕಾಡಿಗೆ, ಕೆನ್ನೆಗೆ ಕುಂಕುಮಕೇಸರಿ ಬಳಿದುಕೊಂಡು ಸಾಲಾಗಿ ಬಯಲಿಗೆ ಇಳಿದರು. ನಾನೂ ಇಜ್ಜಾಳೂ ಹೇಸರಗತ್ತೆಗಳ ಪಕ್ಕ ಕೂತು ಸೂರ್ಯಕಾಂತಿ ಬೀಜ ತಿನ್ನುತ್ತ ನೋಡುತ್ತಿದ್ದೆವು. ಲಹ್ಸೆನ್ ಹೊಸ ಬಿಳಿ ಜುಬ್ಬ ಹಾಕಿಕೊಂಡು, ಬೆಂಬಲಕ್ಕೆ ಗೆಳೆಯನನ್ನು ಎಳೆದುಕೊಂಡು ಬಂದ. ನೀಲಿ ಪಟ್ಟೆ ಹುಡುಕಿದ, ಕೈ ಹಿಡಿದ. ಇಜ್ಜಾ ನನ್ನ ತೊಡೆ ಚಿವುಟಿದಳು. ಹುಡುಗ ಏನೋ ಹೇಳುತ್ತಿದ್ದ. ಕುರಿಗಳ ವಿಷಯವೇ ಇರಬೇಕು. ರಬ್ಹಾ ತಲೆ ಬಗ್ಗಿಸಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮಲಗಿದ ಮಗುವಿನ ಕೆಳಗಿಂದ ತೋಳು ತೆಗೆಯುವ ಹಾಗೆ ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡಳು.

ಉರುಸಿನಲ್ಲಿ ಹುಡುಗಿ ಕೈ ಬಿಡಿಸಿಕೊಂಡಳೆಂದರೆ ಮುಗಿಯಿತು. ಅದಕ್ಕೆ ಕಾರಣ ಕೇಳುವ ಹಾಗಿಲ್ಲ.

"ನಾಚ್ಕೊಂಡ್ಳು" ಎಂದೆ ಇಜ್ಜಾಳಿಗೆ.

ಅಷ್ಟರಲ್ಲಿ ಜಮಖಾನೆ ಮಾರುವವರ ಕಡೆಯಿಂದ ಒಬ್ಬ ಗಿಡ್ಡನೆಯವನು ಬಂದ. ಆಚೆ ಈಚೆ ನೋಡಲಿಲ್ಲ. ಅಷ್ಟು ಹುಡುಗಿಯರ ನಡುವೆ ನೇರವಾಗಿ ನಾನು ನೇಯ್ದ ಪಟ್ಟೆಯ ಹತ್ತಿರ ಹೋದ, ಕೈ ಚಾಚಿದ. ರಬ್ಹಾ ಹಿಡಿದುಕೊಂಡಳು. ಹಿಡಿದುಕೊಂಡು ನಮಗೆ ಕೇಳಿಸುವಷ್ಟು ಗಟ್ಟಿಯಾಗಿ ಅಂದಳು: "ನನ್ ಕಲಿಜ ನಿನ್ ಹತ್ರಾನೇ ಇದೆ. ಚಳಿಗಾಲದಿಂದ ಇದೆ."

"ಯಾರೇ ಅವ್ನು?" ಎಂದಳು ಇಜ್ಜಾ.

ನಾನು ಅವನನ್ನು ನೋಡಿದವಳಲ್ಲ. ಆದರೆ ನಮ್ಮ ಡೇರೆಯ ಮುಂದೆ ಮಿಮೂನ್ ಎದ್ದು ನಿಂತಿದ್ದ. ಅವನ ಮುಖ ನೋಡಿ ಗೊತ್ತಾಯಿತು. "ರಿಚ್ ಊರಿನ ಕಸಾಯಿ" ಎಂದೆ.

ಇಜ್ಜಾ ತಲೆವಸ್ತ್ರ ಕೊಡವಿ ಎದ್ದಳು. "ನನ್ ಮೊಮ್ಮಗನಿಗೆ ಹೊಸ ಜುಬ್ಬ ಹೊಲಿಸಿ, ಬಯಲಲ್ಲಿ ನಿಲ್ಸಿ ಮಾನ ಕಳ್ದೆ ತೂದಾ. ಅವರಪ್ಪನ ಮಾತೇ ನಡೆಯೋದಾದ್ರೆ ನನ್ ಮನೆಗ್ಯಾಕೆ ಬಂದೆ?" ನಾನು ಉತ್ತರ ಕೊಡುವ ಮೊದಲೇ ಹೊರಟು ಹೋದಳು.

ರಬ್ಹಾಳನ್ನು ಡೇರೆಯ ಹಿಂದೆ ಎಳೆದುಕೊಂಡು ಹೋದೆ.

"ನಿಮ್ಮಪ್ಪ ತಂದ ಕಸಾಯೀನೇ ಆಗ್ಬೇಕಿತ್ತೇನೇ?"

"ಅಪ್ಪ ತಂದಿದ್ದಲ್ಲ ಅಜ್ಜಿ. ನಾನು ಅಪ್ಪನ ಹತ್ರ ಕಳ್ಸಿದ್ದು."

ಹೋದ ಚಳಿಗಾಲ ಫದ್ಮಾಳ ಹೊಟ್ಟೆನೋವಿನ ಔಷಧಿಗೆಂದು ತಾಯಿ ಮಗಳಿಬ್ಬರೂ ರಿಚ್‌ನಲ್ಲಿ ಇದ್ದು ಬಂದಿದ್ದರು. ಅಮ್ಮನ ಸಾರಿಗೆ ಮಾಂಸ ತರಲು ಇವಳೇ ಹೋಗುತ್ತಿದ್ದಳಂತೆ. ಮೊದಲ ದಿನವೇ ತೂಕ ಮೋಸ ಎಂದು ಜಗಳ ತೆಗೆದಳಂತೆ.

"ಅವ್ನು ಕೂಗಾಡ್ಲಿಲ್ಲ ಅಜ್ಜಿ. ತಕ್ಕಡೀನ ನನ್ ಕಡೆ ತಿರುಗಿಸಿ, ‘ನೀನೇ ತೂಗು, ನಾನು ನೋಡ್ತೀನಿ’ ಅಂದ. ನಮ್ ಮನೇಲಿ ಯಾರಾದ್ರೂ ಯಾವತ್ತಾದ್ರೂ ನಂಗೆ ಹಾಗಂದಿದ್ದಾರಾ?"

"ನಂಗ್ಯಾಕೆ ಹೇಳ್ಲಿಲ್ಲ?"

"ಯಾವಾಗ ಹೇಳ್ಲಿ? ಬಾಯಿ ತೆಗ್ದಾಗೆಲ್ಲ ‘ಸುಮ್ನಿರು, ನಿನ್ ಪರವಾಗಿ ನಾನಿದ್ದೀನಿ’ ಅಂದೆ. ನೀನೂ ಅಪ್ಪಾನೂ ಬೇಸಿಗೆ ಪೂರ್ತಿ ಕಿತ್ತಾಡಿದ್ರಿ. ಒಬ್ರಾದ್ರೂ ನನ್ ಕೇಳಿದ್ರಾ? ಕಣದಲ್ಲಿ ನೀನು ಗೆದ್ದೆ ಅಂತ ಬಂದಾಗ ನಾನು ಸತ್ತೇ ಹೋದೆ."

"ಅದಕ್ಕೆ ನಾನು ನೇಯ್ದ ಪಟ್ಟೇನೇ ತೋರ್ಸಿ ಅವನನ್ನ ಕರಿಸಿದ್ಯಾ? ನನ್ ಕೈಯಿಂದ್ಲೇ ನನ್ ಕಣ್ಣಿಗೆ ಮಣ್ಣು ಹಾಕ್ಸಿದ್ಯಾ?"

"ನೀನೂ ಅದೇ ಪಟ್ಟೆ ತೋರ್ಸಿ ಲಹ್ಸೆನ್‌ನ ಕಳ್ಸಿರ್ಲಿಲ್ವಾ?"

ಹೊಡೆಯಲು ಕೈ ಎತ್ತಿದೆ. ಹೊಡೆಯಲಿಲ್ಲ. ಅವಳು ಕದಲಲೂ ಇಲ್ಲ. ಕಾಡಿಗೆ ಕೆನ್ನೆಗಿಳಿದಿತ್ತು.

"ನಿಂಗೆ ಕಥೆ ಬೇಕಿತ್ತು ಅಜ್ಜಿ" ಎಂದಳು. "ನಂಗೆ ಗಂಡ ಬೇಕಿತ್ತು."

ನನ್ನ ಮಡಿಲಲ್ಲಿ ಮಲಗಿ ಆ ಕಥೆ ಕೇಳುತ್ತಲೇ ಬೆಳೆದ ಹುಡುಗಿ. ಮಗ ಮೋಸ ಮಾಡಿದರೆ ಸಿಟ್ಟು ಬರುತ್ತದೆ. ಇದು ಸಿಟ್ಟಲ್ಲ. ಏನೆಂದು ಬರೆಯುವುದೋ ಮೇಷ್ಟ್ರಮ್ಮ ಇನ್ನೂ ಕಲಿಸಿಲ್ಲ.

ಸೆಪ್ಟೆಂಬರ್ ೨೩

ಬರೆಸುವ ಡೇರೆಯಲ್ಲಿ ಜೋಡಿಗಳು ಸಾಲು ನಿಂತಿದ್ದವು. ಖಾಜಿಯ ಕಡೆಯ ಇಬ್ಬರು ಮೇಜು ಹಾಕಿಕೊಂಡು ಕೂತಿದ್ದರು. ಹುಡುಗಿಗೆ ಹತ್ತೊಂಬತ್ತು ತುಂಬಿದೆ, ಕಾನೂನಿಗೆ ಯಾರ ಅಪ್ಪಣೆಯೂ ಬೇಡ. ಆದರೆ ನಮ್ಮಲ್ಲಿ ಮನೆಯ ಹಿರಿಯರೊಬ್ಬರು ಪಕ್ಕದಲ್ಲಿ ನಿಲ್ಲದೆ ಬರೆಸಿದವಳನ್ನು ಓಡಿಹೋದವಳು ಅಂತಲೇ ಕರೆಯುತ್ತಾರೆ. ಅಂಥವಳು ತವರಿನ ಬಾವಿಯ ಹತ್ತಿರ ಮತ್ತೆ ಕೊಡ ಇಡುವ ಹಾಗಿಲ್ಲ. ಕಸಾಯಿಯ ತಾಯಿಯೂ ಬಂದಿದ್ದಳು, ಬೊಜ್ಜಿನ ಹೆಂಗಸು. "ಹಿರೀರಿಲ್ದೆ ಬಂದ ಹುಡುಗೀನ ನಾನು ಹೊಸಿಲು ದಾಟಿಸ್ಕೊಳ್ಳಲ್ಲ" ಎಂದು ಎಲ್ಲರಿಗೂ ಕೇಳಿಸುವ ಹಾಗೆ ಹೇಳುತ್ತಿದ್ದಳು.

ಮಿಮೂನ್ ಡೇರೆಯ ಹೊರಗೆ ಬೆನ್ನು ಮಾಡಿ ಕೂತಿದ್ದ. ಗೋರಿಯ ಕಡೆ ಕೈ ಮಾಡಿ ಇಟ್ಟ ಆಣೆ, ಮುರಿಯುವ ಹಾಗಿಲ್ಲ. ಗಂಡ ಕಾಲಿಡದ ಕಡೆ ಫದ್ಮಾಳೂ ಕಾಲಿಡುವ ಹಾಗಿಲ್ಲ. ಅವನಿಗೆ ಆ ಆಣೆ ಹಾಕಿಸಿದವಳು ನಾನೇ.

ಇಜ್ಜಾ ನನ್ನನ್ನು ಹುಡುಕಿಕೊಂಡು ಬಂದಳು. ಕೈ ಹಿಡಿದು ಮೆತ್ತಗೆ ಹೇಳಿದಳು, "ಸುಮ್ನೆ ಇಲ್ಲೇ ಕೂತ್ಕೋ ತೂದಾ. ನೀನು ಒಳಗೆ ಹೋಗ್ದಿದ್ರೆ ಸಾಕು, ಇದು ಮುರಿಯುತ್ತೆ. ಮುಂದಿನ ವರ್ಷ ಲಹ್ಸೆನ್ ಇದ್ದೇ ಇರ್ತಾನೆ. ಒಳಗೆ ಹೋದ್ಯೋ, ನನ್ ಬಾಗ್ಲಿಗೆ ಮತ್ತೆ ಬರ್ಬೇಡ."

ಕೂತೆ. ಕೂತೇ ಇದ್ದೆ. ಸಾಲು ಮುಂದೆ ಮುಂದೆ ಹೋಯಿತು. ರಬ್ಹಾ ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ನಾನು ಏಳುತ್ತಿರಲಿಲ್ಲ ಅನ್ನಿಸುತ್ತದೆ. ನನ್ನಿಂದ ಏನೂ ಆಗುವುದಿಲ್ಲ ಎಂದು ತೀರ್ಮಾನಿಸಿಕೊಂಡವಳ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿದ್ದಳು. ಆ ಸೊಕ್ಕು ನೋಡಿ ಮೈ ಉರಿಯಿತು. ಎದ್ದೆ. ಇಜ್ಜಾಳ ಕೈಯಿಂದ ನನ್ನ ಕೈ ಬಿಡಿಸಿಕೊಂಡೆ.

ಮೇಜಿನ ಮುಂದೆ ಹೋಗಿ ನಿಂತೆ. ಬರೆಯುವವನು ಕನ್ನಡಕ ಏರಿಸಿ ಕೇಳಿದ: "ಮನೆಯ ಹಿರಿಯರು ನೀವಾ ತಾಯಿ? ಈ ಮದುವೆಗೆ ನಿಮ್ಮ ಒಪ್ಪಿಗೆ ಇದೆಯಾ?"

"ಇಲ್ಲ" ಎಂದೆ.

ಪೆನ್ನು ನಿಂತಿತು. ಕಸಾಯಿಯ ತಾಯಿ ಅಯ್ಯೋ ಅಂದಳು.

"ನಂಗೆ ಸುತಾರಾಂ ಇಷ್ಟ ಇಲ್ಲ. ಗಿಡ್ಡ ಇದ್ದಾನೆ. ಅವರಮ್ಮನ ಬಾಯಿ ನನ್ನ ಬಾಯಿಗಿಂತ ದೊಡ್ಡದು. ಆದ್ರೆ ನನ್ನನ್ಯಾಕಪ್ಪಾ ಕೇಳ್ತಿ? ಸಂಸಾರ ಮಾಡೋಳು ಅಲ್ಲಿ ನಿಂತಿದ್ದಾಳೆ. ಅವಳನ್ನ ಕೇಳು. ಅವಳೇನಂತಾಳೋ ಕೇಳಿಸ್ಕೊಳ್ಳೋಕೆ ನಾನು ಇಲ್ಲಿ ನಿಂತಿರೋದು."

ಅವನು ಕೇಳಿದ. ರಬ್ಹಾ ಹೇಳಿದಳು. ನಾನು ಕೇಳಿಸಿಕೊಂಡೆ. ಬರೆದರು.

ಹೊರಗೆ ಬಂದಾಗ ಇಜ್ಜಾ ಇರಲಿಲ್ಲ. ಅವರ ಡೇರೆ ಕೀಳುತ್ತಿದ್ದರು. ರಬ್ಹಾ ನನ್ನ ತಲೆಗೆ ಮುತ್ತು ಕೊಡಲು ಬಂದಳು. ಮುಖ ತಿರುಗಿಸಿದೆ. ಮದುವೆ ಅವಳ ಹಕ್ಕು. ಮುತ್ತು ತಗೊಳ್ಳುವುದು ಬಿಡುವುದು ನನ್ನ ಹಕ್ಕು.

ಅಕ್ಟೋಬರ್ ೨

ಇಜ್ಜಾಳ ಮನೆಗೆ ಬೆಣ್ಣೆ ಕಳಿಸಿದೆ. ಬೆಣ್ಣೆ ಇಟ್ಟುಕೊಂಡಳು, ಪಾತ್ರೆ ತೊಳೆಯದೆ ವಾಪಸು ಕಳಿಸಿದಳು.

ಅಕ್ಟೋಬರ್ ೧೪

ಮಿಮೂನ್ ಇವತ್ತು ಉಪ್ಪನ್ನು ನನ್ನನ್ನೇ ಕೇಳಿದ. ಕೊಟ್ಟೆ. "ಅವ್ವ, ಅವಳು ಫೋನ್ ಮಾಡಿದ್ಳು. ನಿನ್ನ ಕೇಳಿದ್ಳು" ಎಂದ. "ಏನಂತೆ?" ಎಂದೆ. "ಏನಿಲ್ಲ, ಅಜ್ಜಿ ಬರ್ತಾಳಾ ಅಂತ."

ಬರುವುದಿಲ್ಲ ಎಂದು ಹೇಳಿಬಿಡು ಎಂದೆ. ನನಗೆ ಇನ್ನೂ ಹೊಟ್ಟೆ ಉರಿಯುತ್ತಿದೆ. ಮೋಸ ಮೋಸವೇ. ಎರಡು ತಿಂಗಳು ನನ್ನ ಪಕ್ಕದಲ್ಲೇ ಉಣ್ಣೆ ಸುತ್ತುತ್ತ ಕೂತವಳು ಒಂದು ಮಾತು ಹೇಳಲಿಲ್ಲ.

ಅಕ್ಟೋಬರ್ ೧೭

ಜಗಳವನ್ನು ಫೋನಿನಲ್ಲಿ ಆಡಲಾಗುವುದಿಲ್ಲ. ಬಂಡೆ ಹತ್ತಿ ಕಿರುಚಿದರೆ ಊರಿಗೆಲ್ಲ ಕೇಳಿಸುತ್ತದೆ, ಅವಳೊಬ್ಬಳನ್ನು ಬಿಟ್ಟು. ಎದುರುಬದುರು ಕೂತು ಆಡಬೇಕು. ಗುರುವಾರದ ಲಾರಿಯಲ್ಲಿ ಮುಂದಿನ ಸೀಟು ಹಿಡಿದಿಡಲು ಹೇಳಿದ್ದೇನೆ. ಅವಳ ಅಂಗಡಿಯ ಮುಂದೆ ಕೂತು, ನನಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತೇನೆ. ಕೇಳಿ, ಅವಳು ಹೇಳಿ ಮುಗಿಸುವ ತನಕ ಬಾಯಿ ಮುಚ್ಚಿಕೊಂಡಿರುತ್ತೇನೆ. ಅದು ನನ್ನ ಕೈಲಾಗುತ್ತದೋ ಇಲ್ಲವೋ ಅಲ್ಲಾಹನಿಗೇ ಗೊತ್ತು.

ಜೇನು ಕಟ್ಟಿದೆ, ಒಣಗಿಸಿದ ಅಂಜೂರ ಕಟ್ಟಿದೆ. ದಪ್ಪ ಕಾಲುಚೀಲ, ಎರಡು ಕಂಬಳಿ, ನನ್ನ ದಿಂಬನ್ನೂ ಕಟ್ಟಿದೆ. ಇಷ್ಟೆಲ್ಲ ಯಾಕತ್ತೆ, ಹಿಮ ಬಿದ್ದು ದಾರಿ ಮುಚ್ಚಿದರೆ ವಸಂತದ ತನಕ ಬರಲಿಕ್ಕಾಗುವುದಿಲ್ಲ ಎಂದು ಫದ್ಮಾ ಹೆದರಿಸಿದಳು.

ಮುಚ್ಚಿದರೆ ಮುಚ್ಚಲಿ. ಇದು ಬೇಗ ಮುಗಿಯುವ ಜಗಳವಲ್ಲ.